ಮೊದಲ ತಂದೂರಿನ ಲೆಕ್ಕ ಹಿಡಿದ ಸಾಲೋಮತ್ ಓಪಾ

ಮರ್ಗಿಲಾನ್ ಊರು ಇನ್ನೂ ಹೊದ್ದು ಮಲಗಿದೆ. ರೊಟ್ಟಿ ಅಂಗಡಿಯೊಳಗೆ ಮಾತ್ರ ತಂದೂರು ಕೆಂಪಗೆ ಉರಿಯುತ್ತಿದೆ. ಉಸ್ತಾ, ಅಂದರೆ ರೊಟ್ಟಿ ಸುಡುವ ಹಿರಿಯ ಕಸುಬುದಾರ, ಹಿಟ್ಟನ್ನು ಉಂಡೆ ಕಟ್ಟಿ ಹಲಗೆಯ ಮೇಲೆ ಇಡುತ್ತಾರೆ. ಇಟ್ಟದ್ದೇ ತಡ, ಅರವತ್ತು ದಾಟಿದ ಹೆಂಗಸೊಬ್ಬರು ಅದನ್ನೆತ್ತಿ ತಕ್ಕಡಿಗೆ ಹಾಕುತ್ತಾರೆ, ತೂಗುತ್ತಾರೆ, ಗುರುತು ಹಾಕಿಕೊಂಡು ವಾಪಸ್ ಇಡುತ್ತಾರೆ. ಬೆಂದು ಬಂದ ರೊಟ್ಟಿಗೂ ಇದೇ ಗತಿ. ಬೂದಿಗೆ ಬಿದ್ದು ಸುಟ್ಟ ರೊಟ್ಟಿಯನ್ನೂ ಬಿಡುವುದಿಲ್ಲ, ಅದನ್ನೂ ಇಕ್ಕಳದಲ್ಲಿ ಎತ್ತಿ ತಕ್ಕಡಿಗೆ ಏರಿಸುತ್ತಾರೆ.

"ಹಿಟ್ಟಿನ ಮೇಲೂ ಅನುಮಾನವೇನಮ್ಮಾ ನಿಂಗೆ?" ಉಸ್ತಾ ಗೊಣಗುತ್ತಾರೆ.

"ನನಗ್ಯಾಕೆ ಅನುಮಾನ? ಸೋಮವಾರ ತನಿಖೆಗೆ ಬರೋನಿಗಿರತ್ತೆ. ಅವನು ತೂಗೋಕೆ ಮುಂಚೆ ನಾವೇ ತೂಗಿಬಿಡೋಣ. ಸುಮ್ನೆ ಉಂಡೆ ಕಟ್ಟಿ."

ಇವರು ಸಾಲೋಮತ್ ಓಪಾ. ಓಪಾ ಎಂದರೆ ಅಕ್ಕ. ಪೇಟೆಗೆ ಪೇಟೆಯೇ ಅವರನ್ನು ಹಾಗೆ ಕರೆಯುತ್ತದೆ. ತೆರಿಗೆ ಕಚೇರಿಯಿಂದ ತನಿಖೆಯ ಕಾಗದ ಬಂತೆಂದರೆ ಚಪ್ಪಲಿ ಹೊಲಿಯುವವನೂ ಚಹಾದಂಗಡಿಯವಳೂ ಮೊದಲು ಓಡಿಬರುವುದು ಇವರ ಮನೆ ಬಾಗಿಲಿಗೆ. ಇವರು ಬೋರ್ಡು ಹಾಕಿಕೊಂಡವರಲ್ಲ, ಕಚೇರಿ ಇಟ್ಟವರಲ್ಲ. ಬಟ್ಟೆಚೀಲದಲ್ಲಿ ಒಂದು ತಕ್ಕಡಿ, ಕನ್ನಡಕ, ಒಣದ್ರಾಕ್ಷಿಯ ಪೊಟ್ಟಣ ಹಾಕಿಕೊಂಡು, ನೋಯುವ ಮಂಡಿಯನ್ನು ಬೈಯುತ್ತಾ ನಡೆದೇ ಹೊರಡುತ್ತಾರೆ.

ಹಿಂದೆ ರೇಷ್ಮೆ ಕಾರ್ಖಾನೆಯ ಲೆಕ್ಕದ ವಿಭಾಗದಲ್ಲಿ ಇದ್ದವರು. ಕಾರ್ಖಾನೆ ಬಾಗಿಲು ಹಾಕಿದ ವರ್ಷವೇ ಗಂಡನೂ ತೀರಿಕೊಂಡರು. ಎದೆಯೆತ್ತರದ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಒಂದಷ್ಟು ದಿನ ಸೂರ್ಯಕಾಂತಿ ಬೀಜ ಮಾರಿದರು. ಪಕ್ಕದಲ್ಲಿ ಕೂತು ಟೋಪಿ ಮಾರುತ್ತಿದ್ದವಳಿಗೆ ತನಿಖೆ ಬಂದಾಗ ಪಾಪ ಎಂದು ಜೊತೆಗೆ ಕೂತರು. ಅವತ್ತು ಆಕೆ ಪಾರಾದಳು, ಸುದ್ದಿ ಹಬ್ಬಿತು, ಓಪಾ ಬೀಜದ ಬುಟ್ಟಿ ಎತ್ತಿಟ್ಟರು. ಕೈಲಾದವರು ಹಣ ಕೊಡುತ್ತಾರೆ, ಆಗದವರು ಕಲ್ಲಂಗಡಿ ತಂದು ಬಾಗಿಲಲ್ಲಿ ಇಟ್ಟು ಹೋಗುತ್ತಾರೆ. ಕೆಲವರು ಅದನ್ನೂ ಇಡುವುದಿಲ್ಲ ಅನ್ನಿ.

ಅವರು ಕೆಲಸ ಮಾಡುವ ರೀತಿ ನೋಡಬೇಕು. ಮೊದಲು ಅಂಗಡಿಯವರ ಎದುರು ತಾವೇ ತನಿಖಾಧಿಕಾರಿಯಾಗಿ ಕೂರುತ್ತಾರೆ. ಮುಖ ಗಂಟುಹಾಕಿ, ಕೊಂಕು ತೆಗೆದು, ಕಾಡಿಸಿ ಪ್ರಶ್ನೆ ಕೇಳುತ್ತಾರೆ. ಹೆದರಿ ಹೇಳಿದ ಸುಳ್ಳುಗಳೆಲ್ಲ ಉದುರಿಹೋಗುವವರೆಗೂ ಬಿಡುವುದಿಲ್ಲ. "ಕಳ್ಳತನ ಮಾಡಿದೋರು ಕಮ್ಮಿ ಕಣ್ರೀ, ಗಾಬರಿ ಬಿದ್ದು ಕಳ್ಳರ ಥರ ಕಾಣೋರೇ ಜಾಸ್ತಿ" ಎನ್ನುತ್ತಾರೆ. ದರ್ಜಿ ಹೆಂಗಸೊಬ್ಬಳು ಎಷ್ಟು ಹೇಳಿದರೂ ಕೇಳದೆ ಅಧಿಕಾರಿಯ ಮುಂದೆ ಕುರಿಮಾಂಸದ ಪಲಾವಿನ ದೊಡ್ಡ ತಟ್ಟೆ ಇಟ್ಟಳಂತೆ. ಮನೆಗೆ ಬಂದವರನ್ನು ಹಸಿದು ಕಳಿಸುವುದು ಹೇಗೆ ಎಂಬುದು ಅವಳ ಸಂಕಟ. ಅವನು ಅದನ್ನು ಲಂಚವೆಂದು ಬರೆದುಕೊಂಡು ಹೋದ! "ಅವತ್ತಿಂದ ನನ್ನ ಮೊದಲನೇ ಪಾಠವೇ ಇದು. ಬರೀ ಚಹಾ. ದ್ರಾಕ್ಷಿನೂ ಬೇಡ."

ಉಸ್ತಾರ ಅಂಗಡಿಯ ಮೇಲೆ ಬಂದಿರುವುದು ದೂರು. ಬೆಳಕು ಹರಿಯುವ ಮುಂಚೆ ಹಿಂಬಾಗಿಲಲ್ಲಿ ರಸೀದಿ ಇಲ್ಲದೆ ರೊಟ್ಟಿ ಮಾರುತ್ತಾರೆ ಎಂದು ಯಾರೋ ಪುಣ್ಯಾತ್ಮ ಬರೆದು ಹಾಕಿದ್ದಾನೆ. ಅದು ನಿಜವೆಂದು ತೀರ್ಮಾನವಾದರೆ ಬೀಳುವ ದಂಡಕ್ಕೆ ಅಂಗಡಿ ಮಾರಬೇಕು. ಉಸ್ತಾ, ಅವರ ಮಗ, ಸೊಸೆ ನಸೀಬಾ, ಎಲ್ಲರ ಅನ್ನ ಈ ಒಂದು ತಂದೂರಿನಲ್ಲಿದೆ.

ತೂಗಿ ಮುಗಿಸಿದ ಓಪಾ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಾರೆ. ಕೊಂಡ ಹಿಟ್ಟಿಗೂ ಮಾರಿದ ರೊಟ್ಟಿಗೂ ತಾಳೆಯಾಗುತ್ತಿಲ್ಲ. ಸುಟ್ಟಿದ್ದು, ಚೆಲ್ಲಿದ್ದು, ಮನೆಯವರು ತಿಂದಿದ್ದು ಎಲ್ಲ ಕಳೆದರೂ ಒಂದು ಪಾಲು ರೊಟ್ಟಿ ಎಲ್ಲಿಗೋ ಹೋಗುತ್ತಿದೆ.

"ಎಲ್ಲಿ ಉಸ್ತಾ?"

"ಗೊತ್ತಿಲ್ಲ."

"ಮಾರಿದಿರಾ?"

"ಬಾಯಿಗೆ ಬಂದಂಗೆ ಮಾತಾಡ್ಬೇಡ!" ಉಸ್ತಾ ಎದ್ದು ಒಳಗೆ ಹೋಗಿಬಿಡುತ್ತಾರೆ.

ಸೊಸೆ ನಸೀಬಾ ಅಂಗಿಯ ಅಂಚಿಗೆ ಕೈ ಒರೆಸುತ್ತಾ ಹತ್ತಿರ ಬಂದು ಪಿಸುಗುಡುತ್ತಾಳೆ. "ಮೊದಲನೇ ತಂದೂರು, ಅಂದ್ರೆ ಬೆಳಗ್ಗೆ ಮೊದಲು ಬೇಯೋ ರೊಟ್ಟಿ, ಅಂಗಡಿದಲ್ಲ ಓಪಾ. ಅದು ಅತ್ತೆದು. ನಾ ಹೇಳ್ದೆ ಅಂತ ಹೇಳ್ಬೇಡಿ, ನಾಳೆ ಇನ್ನೂ ಬೇಗ ಬನ್ನಿ."

ಮಾರನೇ ದಿನ ಓಪಾ ಬರುವ ಹೊತ್ತಿಗೆ ಹಿಂದಿನ ಓಣಿಯಲ್ಲಿ ಜನ ನಿಂತಿದ್ದಾರೆ. ಆಸ್ಪತ್ರೆಯ ಪಾಳಿ ಮುಗಿಸಿದ ಆಯಾ, ಊರುಗೋಲಿನ ಮುದುಕ, ಮುಖ ಮುಚ್ಚಿಕೊಂಡ ಒಂದಿಬ್ಬರು. ಚಿಕ್ಕ ಬಾಗಿಲು ತೆರೆಯುತ್ತದೆ. ಉಸ್ತಾ ಓಣಿಗೆ ಬೆನ್ನು ಹಾಕಿ ಒಳಗೇ ನಿಂತು, ತೋಳನ್ನು ಮಾತ್ರ ಹಿಂದಕ್ಕೆ ಚಾಚಿ ಬಿಸಿ ರೊಟ್ಟಿ ನೀಡುತ್ತಾರೆ. ಸಿಕ್ಕಿದ ಕೈ ತೆಗೆದುಕೊಳ್ಳುತ್ತದೆ. ಪಡೆದವರು ಪ್ರಾರ್ಥನೆ ಮುಗಿಸಿದವರಂತೆ ಅಂಗೈಗಳನ್ನು ಮುಖಕ್ಕೆ ಸವರಿ "ಸನೋಬರ್ ಹೆಸರಿಗೆ" ಎಂದು ಮೆಲ್ಲಗೆ ಹೇಳಿ ನಡೆಯುತ್ತಾರೆ. ಸನೋಬರ್ ಉಸ್ತಾರ ಹೆಂಡತಿ. ತೀರಿಹೋಗಿ ಎಷ್ಟೋ ವರ್ಷವಾಯಿತು. ಒಂದೇ ಒಂದು ಸಲವೂ ಉಸ್ತಾ ತಿರುಗಿ ನೋಡುವುದಿಲ್ಲ. 

ಆದರೆ ಸೋಮವಾರ ಬರುವವನಿಗೆ ಇದನ್ನು ಹೇಳಲೇಬೇಕಲ್ಲ.

"ಹೇಳಲ್ಲ" ಎನ್ನುತ್ತಾರೆ ಉಸ್ತಾ. "ಕೊಟ್ಟೆ ಅಂತ ಹೇಳಿದ ಕೂಡ್ಲೇ ಕೊಟ್ಟಿದ್ದು ಹೋಯ್ತು. ಎಣಿಸೋದೂ ಇಲ್ಲ. ಅಂಗಡಿ ಹೋದ್ರೆ ಹೋಗ್ಲಿ."

"ಮಗ ಸೊಸೆ ಏನು ಗಾಳಿ ತಿಂತಾರಾ?"

"ದೇವರಿದ್ದಾನೆ."

ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಚೀಲ ಎತ್ತಿಕೊಂಡು ಎದ್ದುಹೋಗುತ್ತಿದ್ದರು. ಓಪಾ ಒಂದೊಂದೇ ದ್ರಾಕ್ಷಿ ಬಾಯಿಗೆ ಹಾಕಿಕೊಳ್ಳುತ್ತಾ ಅಂಗಡಿಯ ಖರ್ಚಿನ ಕಾಗದಗಳನ್ನು ತಿರುವುತ್ತಾರೆ. ಆಮೇಲೆ ಬಲು ಮೆತ್ತಗೆ ಕೇಳುತ್ತಾರೆ.

"ಉಸ್ತಾ, ಬೈಬೇಡಿ. ಆ ಮೊದಲ ತಂದೂರಿನ ಹಿಟ್ಟು ಯಾರ ದುಡ್ಡಿಂದು?"

"ಯಾರದ್ದು ಅಂದ್ರೆ? ನಂದೇ."

"ನಿಮ್ದಲ್ಲ. ಎಲ್ಲಾ ಮೂಟೆನೂ ಅಂಗಡಿ ಖರ್ಚು ಅಂತ ಬರೆಸಿದ್ದೀರಿ. ಖರ್ಚು ಕಳೆದು ಉಳಿದಿದ್ದಕ್ಕೆ ತಾನೇ ತೆರಿಗೆ ಕಟ್ಟೋದು? ಅಂದ್ರೆ ಆ ಹಿಟ್ಟಿನ ಮೇಲೆ ಕಟ್ಟಬೇಕಿದ್ದ ತೆರಿಗೆ ನಿಮ್ಮ ಹತ್ರಾನೇ ಉಳೀತು. ಆ ರೊಟ್ಟಿಯಲ್ಲಿ ಒಂದು ಪಾಲು ಸರ್ಕಾರ ಹಾಕಿದ ಹಾಗಾಯ್ತು."

ಉಸ್ತಾರ ಕೈಯಲ್ಲಿದ್ದ ಹಿಟ್ಟಿನುಂಡೆ ಹಾಗೇ ನಿಲ್ಲುತ್ತದೆ. "ಏನಂದೆ? ನನ್ನ ಸನೋಬರ್ ಹೆಸರಲ್ಲಿ ಇಷ್ಟು ವರ್ಷ ರೊಟ್ಟಿ ಕೊಟ್ಟಿದ್ದು ತೆರಿಗೆ ಕಚೇರಿಯೋರಾ?"

"ಪೂರ್ತಿ ಅಲ್ಲ. ಒಂದು ಪಾಲು."

"ಅಯ್ಯೋ ದೇವರೇ! ಅವಳಿಗೆ ಅವರನ್ನ ಕಂಡ್ರೇ ಆಗ್ತಿರಲಿಲ್ಲ ಕಣೇ!"

ನಸೀಬಾ ಬಾಯಿಗೆ ಕೈ ಅಡ್ಡ ಹಿಡಿದು ಆಚೆ ಓಡುತ್ತಾಳೆ. ಉಸ್ತಾ ಮಾತ್ರ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತಿದ್ದಾರೆ. ಅವರ ಕಣ್ಣು ತುಂಬಿ ಬಂದಿದೆ. ಕೈಯ ಹಿಟ್ಟು ಒರೆಸಿಕೊಂಡು ತಾವೇ ಕೇಳುತ್ತಾರೆ: "ಅದನ್ನ ನಂದು ಮಾಡೋದು ಹೆಂಗೆ?"

ಅದಕ್ಕೆ ರೊಟ್ಟಿ ಎಣಿಸಬೇಕಾಗಿಲ್ಲ, ಪಡೆದವರ ಹೆಸರೂ ಬೇಕಿಲ್ಲ. ಅಷ್ಟು ಹಿಟ್ಟನ್ನು ಅಂಗಡಿಯ ಖರ್ಚಿನಿಂದ ತೆಗೆದು, ಹಿಂದಿನ ವರ್ಷಗಳ ತೆರಿಗೆಯನ್ನು ತಾವಾಗಿಯೇ ಕಟ್ಟಬೇಕು. ಇನ್ನು ಮುಂದೆ ಸ್ವಂತ ಜೇಬಿನಿಂದ ತಂದ ಮೂಟೆಯನ್ನು ಬೇರೆ ಮೂಲೆಯಲ್ಲಿ ಇಡಬೇಕು. ಹೊಸ ತಂದೂರು ಕಟ್ಟಿಸಲು ಕೂಡಿಟ್ಟಿದ್ದ ಹಣವನ್ನು ಉಸ್ತಾ ಮರುಮಾತಿಲ್ಲದೆ ತಂದು ಸುರಿಯುತ್ತಾರೆ. ಕಚೇರಿ ಮುಚ್ಚುವ ಮೊದಲೇ ಓಪಾ ತಿದ್ದಿದ ಲೆಕ್ಕ ಸಲ್ಲಿಸಿ ಬರುತ್ತಾರೆ. ತೆರಿಗೆ ಕಟ್ಟುವುದಕ್ಕೆ ಇಷ್ಟು ಆತುರಪಟ್ಟ ಮನುಷ್ಯನನ್ನು ತಮ್ಮ ಜೀವಮಾನದಲ್ಲಿ ಕಂಡಿಲ್ಲ ಎನ್ನುತ್ತಾರೆ ಅವರು.

ಹಾಗಿದ್ದೂ ಹಿಂಬಾಗಿಲಿನ ದೂರು ಉಳಿದೇ ಇದೆ. ಅಲ್ಲಿ ಹಣ ಪಡೆಯುವುದಿಲ್ಲ ಎನ್ನುವುದಕ್ಕೆ ಸಾಕ್ಷಿಯಿಲ್ಲ, ಉಸ್ತಾ ಬಾಯಿ ಬಿಡುವವರಲ್ಲ.

ಸೋಮವಾರ ಬೆಳಗಿನ ಜಾವ ಓಪಾ ಓಣಿಗೆ ಕಾಲಿಡುತ್ತಾರೆ. ಆಯಾಳ ಪಕ್ಕದಲ್ಲಿ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ನಿಂತಿರುವವನು ತನಿಖಾಧಿಕಾರಿ ಎಲ್ಯೋರ್! ಎಷ್ಟೋ ಅಂಗಡಿಗಳಲ್ಲಿ ಎದುರುಬದುರು ಕೂತವರು, ಆ ನಿಲುವು ಅವರಿಗೆ ಕತ್ತಲಲ್ಲೂ ಗೊತ್ತು. ಮುಂಬಾಗಿಲಿಗೆ ಓಡಿ ಉಸ್ತಾರನ್ನು ಎಚ್ಚರಿಸಲೇ ಎಂದು ಒಂದು ಕ್ಷಣ ಕಾಲು ಎಳೆಯುತ್ತದೆ. ಆದರೆ ಮುಚ್ಚಿಡಬೇಡಿ ಎಂದು ಊರಿಗೆಲ್ಲ ಹೇಳುವವರು ಅವರೇ ತಾನೇ? ಗೋಡೆಗೆ ಒರಗಿ, ಚೀಲವನ್ನು ಎದೆಗೆ ಅವಚಿಕೊಂಡು ನಿಂತುಬಿಡುತ್ತಾರೆ.

ಸರದಿ ಬಂದಾಗ ಎಲ್ಯೋರ್ ಚಾಚಿದ ಕೈಗೆ ನೋಟು ಇಡುತ್ತಾನೆ. ಉಸ್ತಾರ ಬೆರಳುಗಳು ಅದನ್ನು ತಡವಿ ನೋಡಿ, ಹಾವು ಮುಟ್ಟಿದಂತೆ ಹಿಂದಕ್ಕೆ ತಳ್ಳುತ್ತವೆ.

"ಯಾರಪ್ಪಾ ನೀನು, ದಾರಿ ತಪ್ಪಿ ಬಂದ್ಯಾ? ದುಡ್ಡಿದ್ರೆ ಬೆಳಗಾದ್ಮೇಲೆ ಮುಂದಿನ ಬಾಗಿಲಿಗೆ ಬಾ. ಹಸಿವಾಗಿದ್ರೆ ಇದು ತಗೋ." ಬೆನ್ನು ತಿರುಗಿಸಿಯೇ ಇದ್ದಾರೆ. ಹಬೆಯಾಡುವ ರೊಟ್ಟಿಯೊಂದು ಹೊರಗೆ ಬರುತ್ತದೆ.

ಎಲ್ಯೋರ್ ಒಂದು ಕೈಯಲ್ಲಿ ನೋಟು, ಒಂದು ಕೈಯಲ್ಲಿ ರೊಟ್ಟಿ ಹಿಡಿದು ಪೆಚ್ಚಾಗಿ ನಿಂತಿದ್ದಾನೆ. ಪಕ್ಕದ ಆಯಾ ಮೊಣಕೈಯಿಂದ ತಿವಿಯುತ್ತಾಳೆ. "ಏನ್ ಮುಖ ನೋಡ್ತೀಯ? ಸನೋಬರ್ ಹೆಸರಿಗೆ ಅನ್ನು." ಅವನು ನೋಟನ್ನು ಜೇಬಿಗೆ ತುರುಕಿ, ರೊಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಅಂಗೈಗಳನ್ನು ಮುಖಕ್ಕೆ ಸವರುತ್ತಾನೆ. "ಸನೋಬರ್ ಹೆಸರಿಗೆ" ಎನ್ನುವ ಅವನ ದನಿ ಓಪಾಗೆ ಸರಿಯಾಗಿ ಕೇಳಿಸುತ್ತದೆ.

ಅಂಗಡಿ ತೆರೆದ ಮೇಲೆ ಅದೇ ಎಲ್ಯೋರ್ ಮುಂಬಾಗಿಲಿನಿಂದ ಬರುತ್ತಾನೆ. ಬರೀ ಚಹಾ ಕುಡಿಯುತ್ತಾನೆ. ಎಲ್ಲವನ್ನೂ ಬಿಗಿಯಾಗಿಯೇ ನೋಡುತ್ತಾನೆ, ಅಳಿಸಿಹೋದ ಕೆಲವು ರಸೀದಿಗಳಿಗೆ ಸಣ್ಣ ದಂಡವನ್ನೂ ಹಾಕುತ್ತಾನೆ. ಕೊನೆಗೆ ಮೂಲೆಯ ಮೂಟೆಯತ್ತ ಬೆರಳು ಮಾಡುತ್ತಾನೆ. "ಇದು?"

"ಅದು ಅಂಗಡಿದಲ್ಲ. ನಂದು" ಎನ್ನುತ್ತಾರೆ ಉಸ್ತಾ, ಗದ್ದ ಮೇಲೆತ್ತಿ.

ಮುಂದೇನೂ ಕೇಳದೆ, ದೂರು ಸಾಬೀತಾಗಿಲ್ಲ ಎಂದು ಬರೆದು ಸಹಿ ಹಾಕಿ ಅವನು ಎದ್ದುಹೋಗುತ್ತಾನೆ. ಹೋಗುವಾಗ ಓಪಾರ ಮುಖವನ್ನು ನೋಡುವುದೇ ಇಲ್ಲ.

ಈಗ ಓಪಾ ಗುಂಡಿ ಮಾರುವವನೊಬ್ಬನ ಅಂಗಡಿಯಲ್ಲಿ ಕೂತು ಅವನನ್ನು ಗದರಿಸುತ್ತಿದ್ದಾರೆ. ಅವನು ಈಗಾಗಲೇ ಬೆವರಿದ್ದಾನೆ. ತಮ್ಮ ಬಗ್ಗೆ ಪತ್ರಿಕೆಯಲ್ಲಿ ಬರುತ್ತದೆ ಎಂದರೆ "ನನ್ನಲ್ಲೇನಿದೆ ಬರೆಯೋಕೆ, ಮಂಡಿನೋವು ಬಿಟ್ಟರೆ?" ಎಂದು ನಗುತ್ತಾರೆ. ಆಮೇಲೆ ನಗು ನಿಲ್ಲಿಸಿ ಒಂದೇ ಒಂದು ಕೋರಿಕೆ ಇಡುತ್ತಾರೆ.

"ಉಸ್ತಾರ ಹೆಸರು, ಅಂಗಡಿ ಇರೋ ಬೀದಿ ಮಾತ್ರ ಬರೀಬೇಡಿ. ಮಿಕ್ಕವರ ಹೆಸರನ್ನೂ ಬದಲಿಸಿಬಿಡಿ. ಅವತ್ತು ಕೈಯೊಡ್ಡಿದ್ದು ಯಾರು ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾದ್ರೆ ನಾಳೆಯಿಂದ ಕೊಡೋವಾಗ ತಿರುಗಿ ನೋಡೋಕೆ ಶುರು ಮಾಡಿಬಿಡ್ತಾರೆ."