ಸಿದ್ದಲಿಂಗ ಮಾವ ಕೇಳಿ ಪಡೆದ ನಡಿಗೆ

ಸಿದ್ದಲಿಂಗ ಮಾವ ಮಾತಾಡುವಾಗ ನಮ್ಮ ಮುಖ ನೋಡುತ್ತಿರಲಿಲ್ಲ, ಕೈಕಾಲು ನೋಡುತ್ತಿದ್ದರು. ಕಾಫಿ ಲೋಟ ಹೇಗೆ ಹಿಡಿದೆ, ಯಾವ ಕಾಲಿನ ಚಪ್ಪಲಿ ಮೊದಲು ಬಿಟ್ಟೆ, ಎಲ್ಲವೂ ಅವರಿಗೆ ಬೇಕು. ಯಳಂದೂರಿನಲ್ಲಿ ಅವರದೊಂದು ಟೈಲರ್ ಅಂಗಡಿ. ವರ್ಷಕ್ಕೆ ಒಂದೆರಡು ಸಿನಿಮಾದಲ್ಲಿ ಪಾತ್ರ: ಅಡುಗೆಭಟ್ಟ, ಹುಡುಗಿಯ ಸೋದರಮಾವ, ವಾಚ್‌ಮನ್. ಪೋಸ್ಟರಿನಲ್ಲಿ ಎಂದೂ ಬರಲಿಲ್ಲ. ಆದರೂ ನಿರ್ದೇಶಕರು ಅವರೇ ಬೇಕೆಂದು ಕರೆಸಿಕೊಳ್ಳುತ್ತಿದ್ದರು.

"ಬಾಗ್ಲು ತೆಗಿಯಾಕೆ ಬಂದೋನು ಉಂಡು ಬಂದವ್ನಾ, ಅಸ್ಕಂಡು ಬಂದವ್ನಾ ಅಂತ ನಂಗೆ ಗೊತ್ತಿರ್ಬೇಕು ಕಣವ್ವ. ನೋಡೋರ್ಗೆ ಗೊತ್ತಾಗ್ದಿದ್ರೂ ಚಿಂತಿಲ್ಲ" ಅನ್ನುತ್ತಿದ್ದರು.

ಅವರು ನಮ್ಮಪ್ಪನ ಗೆಳೆಯ. ಅಪ್ಪ ಹನೂರಿನಲ್ಲಿ ರಾಗಿ ಮಿಲ್ ನಡೆಸಿದವರು. ಲಕ್ವ ಹೊಡೆದ ಮೇಲೆ ಎಡಗಾಲು ಎಳೆಯುತ್ತಿತ್ತು. ಜನ ನೋಡುತ್ತಾರೆಂದು ಬೀದಿಗಿಳಿಯುವುದನ್ನೇ ಬಿಟ್ಟಿದ್ದರು. ಒಮ್ಮೆ ಮಾವ ವಾರಗಟ್ಟಲೆ ದಿನವೂ ಬಸ್ಸಿನಲ್ಲಿ ನಮ್ಮ ಮನೆಗೆ ಬಂದು ಹೋದರು. ನಾನು ಕೊಳ್ಳೇಗಾಲದಲ್ಲಿ ಟೀಚರು, ಹಗಲು ಮನೆಯಲ್ಲಿರುತ್ತಿರಲಿಲ್ಲ. ಇಬ್ಬರೂ ಹರಟೆ ಹೊಡೆಯುತ್ತಾರೆ ಅಂದುಕೊಂಡಿದ್ದೆ.

ಕೆಲವು ತಿಂಗಳ ಮೇಲೆ ಕೊಳ್ಳೇಗಾಲದಲ್ಲಿ ಜೊತೆಯ ಟೀಚರುಗಳೊಂದಿಗೆ ಸಿನಿಮಾಕ್ಕೆ ಹೋದೆ. ತೆರೆಯ ಮೇಲೆ ಮುದುಕ ವಾಚ್‌ಮನ್ ಆಗಿ ಮಾವ ಬಂದರು. ಎಡಗಾಲು ಎಳೆಯುತ್ತ, ಬಲಗೈಯಲ್ಲಿ ಪಂಚೆ ಹಿಡಿದು, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತ. ಸಾಕ್ಷಾತ್ ನಮ್ಮಪ್ಪ.

"ನಿಮ್ಮಪ್ಪನ ಥರಾನೇ ಅಲ್ವಾ?" ಎಂದು, ಒಮ್ಮೆ ನಮ್ಮ ಮನೆಗೆ ಬಂದಿದ್ದ ಪಕ್ಕದವಳು ನಕ್ಕಳು. ನನಗೆ ಮೈ ಉರಿದುಹೋಯಿತು.

ಮಾರನೆಯ ದಿನವೇ ಯಳಂದೂರಿಗೆ ಹೋದೆ. "ಮನೆಯೋರ ಥರ ಬಂದು ಅಪ್ಪನ್ನ ಕದ್ಕೊಂಡು ಹೋದ್ರಲ್ಲ ಮಾವ!" ಅಂದೆ.

ಮಾವ ಮಿಷನ್ನು ನಿಲ್ಲಿಸಿದರು. "ಕದ್ದಿಲ್ಲ ಕಣವ್ವ, ಕೇಳ್ಕಂಡೆ. ಮೊದ್ಲು ನಿಮ್ಮಪ್ಪ ಬೋ ಬಯ್ದ. ಆಮೇಕೆ ಅವ್ನೇ ಎದ್ದು ನಡ್ದು ತೋರ್ಸ್ದ. ನಾನು ತಪ್ಪು ಮಾಡುದ್ರೆ 'ಲೇ, ಅಂಗಲ್ಲ ಕಣ್ಲಾ' ಅಂತ ಇನ್ನೊಂದ್ಸಲ ನಡಿಯೋನು. ಓಗಿ ಅವ್ನನ್ನೇ ಕೇಳು."

ಕೇಳಿದೆ. ಅಪ್ಪ, "ಸಿನ್ಮಾ ಬಂದದಾ?" ಅಂದರು.

ಭಾನುವಾರ ಕರೆದುಕೊಂಡು ಹೋದೆ. ಅಪ್ಪ ಮಿಸುಕದೆ ನೋಡಿದರು. ಹೊರಗೆ ಬಂದ ಮೇಲೆ, "ಮೆಟ್ಲು ಇಳಿಯೋದ ತಪ್ಪು ಮಾಡವ್ನೆ ಬಡ್ಡೀಮಗ. ಏಳ್ಕೊಟ್ಟಿದ್ದೆ ನಾನು" ಎಂದರು. ನಾನು ಆಟೋ ಕರೆದೆ. ಬೇಡವೆಂದು ಕೈಯಾಡಿಸಿ, ಸಂತೆಯಷ್ಟು ಜನವಿದ್ದ ಬೀದಿಯಲ್ಲಿ ಬಸ್‌ಸ್ಟ್ಯಾಂಡಿನವರೆಗೂ ನಡೆದೇ ಬಂದರು.

ಮಾವ ನಮ್ಮ ಮನೆಗೆ ಕೊನೆಯ ಸಲ ಬಂದದ್ದು ಹೋದ ವರ್ಷ. ಪೋಸ್ಟ್‌ಮನ್ ಪಾತ್ರ ಸಿಕ್ಕಿತ್ತು, ಒಂದೇ ಸೀನು. "ಬ್ಯಾಗ ಯಾವ ಎಗಲ್ಗೆ ಆಕ್ಕಂತಾನೆ, ವಸಿ ನೋಡ್ಕಂಡು ಬತ್ತೀನಿ" ಎಂದು ಹೋದವರು ಮಧ್ಯಾಹ್ನದವರೆಗೂ ಹನೂರಿನ ಪೋಸ್ಟಾಫೀಸಿನ ಮುಂದೆ ಕೂತಿದ್ದರು. ಶೂಟಿಂಗಿಗೆ ಹದಿನೈದು ದಿನ ಇರುವಾಗ ಎದೆನೋವು ಬಂದು ತೀರಿಕೊಂಡರು.

ಆ ಸಿನಿಮಾ ಮೊನ್ನೆ ಟಿ.ವಿ.ಯಲ್ಲಿ ಬಂತು. ಪೋಸ್ಟ್‌ಮನ್ ಪಾತ್ರವನ್ನು ಬೇರೆ ಯಾರೋ ಮಾಡಿದ್ದರು. ಕಾಗದ ಕೊಟ್ಟರು, ಹೋದರು. ಚೆನ್ನಾಗಿಯೇ ಮಾಡಿದ್ದರು. ಅಪ್ಪ ಅರ್ಧಕ್ಕೇ ಎದ್ದು ಒಳಗೆ ಹೋದರು.