ಮಸ್ಕತ್ತಿನ ಜಾಡಿ, ವಾರಗಿತ್ತಿಯ ಸಾರು

ತೊಂಬತ್ತರ ದಶಕದ ನಡುವಿನ ವರ್ಷಗಳವು. ನಾನಾಗ ಶೀಳನೆರೆ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದೆ, ಮನೆ ಪಾಂಡವಪುರದಲ್ಲಿ. ಬೆಳಿಗ್ಗೆ ಬಸ್ಸು ಹಿಡಿದು ಹೋದರೆ ವಾಪಸು ಬರುವಷ್ಟರಲ್ಲಿ ಹೊತ್ತು ಇಳಿದಿರುತ್ತಿತ್ತು. ಬಸ್‌ ಸ್ಟ್ಯಾಂಡಿನಿಂದ ನಡೆದು ನಮ್ಮ ಬೀದಿಗೆ ತಿರುಗಿದ ಕೂಡಲೇ ಒಗ್ಗರಣೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅದು ವಾರಗಿತ್ತಿಯ ಅಡುಗೆಮನೆಯದು. ನನ್ನ ಒಲೆ ಆ ಹೊತ್ತಿಗೆ ಇನ್ನೂ ತಣ್ಣಗಿರುತ್ತಿತ್ತು.

ಮಾವ ಬದುಕಿದ್ದಾಗಲೇ ಮನೆ ಪಾಲಾಗಿತ್ತು. ಹಜಾರದ ನಡುವೆ ಗೋಡೆ ಎಬ್ಬಿಸಿದ್ದರು. ಜಗಲಿ, ಹಿತ್ತಿಲು, ನೀರಿನ ತೊಟ್ಟಿ ಮಾತ್ರ ಎರಡೂ ಮನೆಗೆ ಒಂದೇ. ಆ ಕಡೆ ಭಾವ, ಅವರ ಹೆಂಡತಿ, ಹೈಸ್ಕೂಲಿಗೆ ಹೋಗುವ ಇಬ್ಬರು ಗಂಡುಮಕ್ಕಳು. ಈ ಕಡೆ ನಾನು, ಹಾಲಿನ ಡೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ, ಒಂದನೇ ಕ್ಲಾಸಿನ ಮಗಳು. ಅತ್ತೆ ಪಾಲಿನ ಪ್ರಕಾರ ನಮ್ಮ ಕಡೆ, ಊಟದ ಹೊತ್ತಿಗೆ ಆ ಕಡೆ.

ಮಗಳು ಶಾಲೆ ಬಿಟ್ಟ ಮೇಲೆ ಸೀದಾ ವಾರಗಿತ್ತಿಯ ಹತ್ತಿರ ಹೋಗುತ್ತಿದ್ದಳು. ಬೇರೆ ದಾರಿಯೂ ಇರಲಿಲ್ಲ. ನಾನು ಬಂದು, ಕೈಕಾಲು ತೊಳೆದು, ಕುಕ್ಕರು ಕೂಗಿಸಿ, ಮುದ್ದೆ ತಿರುವಿ, ತಟ್ಟೆ ಹಾಕಿ ಕರೆದರೆ ಅವಳು ಜಗಲಿಯಿಂದಲೇ ಹೇಳುತ್ತಿದ್ದಳು:

"ನಂದಾಯ್ತು ಕಣಮ್ಮ. ದೊಡ್ಡವ್ವ ಬಸ್ಸಾರು ಮಾಡಿತ್ತು."

ದಿನವೂ ಏನಾದರೊಂದು ಮಾಡಿರುತ್ತಿತ್ತು ಆ ದೊಡ್ಡವ್ವ. ಹುರುಳಿಕಾಳಿನ ಸಾರು, ಸೊಪ್ಪಿನ ಮಸ್ಸಾರು, ಅವರೆಕಾಳಿನ ಕಾಲದಲ್ಲಿ ಸಿಪ್ಪೆ ಹಿದುಕಿ ಮಾಡಿದ ಇದುಕುಬೇಳೆ. ಸೌದೆ ಒಲೆಯ ಮೇಲೆ ಮಣ್ಣಿನ ಮಡಕೆಯಿಟ್ಟು, ಉರಿ ಹಿರಿದು ಕೆಂಡದ ಮೇಲೆ ಮಧ್ಯಾಹ್ನವೆಲ್ಲ ಬೇಯಲು ಬಿಟ್ಟು, ಅವಳು ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳಂತೆ. ಹೋಗುವವರು ಬರುವವರೆಲ್ಲ ನಿಂತು ಮಾತಾಡಿಸುತ್ತಿದ್ದರಂತೆ. ಮಗಳು ಬಂದು ಇದನ್ನೆಲ್ಲ ಹೇಳುವಾಗ ನನಗೆ ಆ ಸಾರಿನ ಮೇಲಷ್ಟೇ ಅಲ್ಲ, ಆ ಮಧ್ಯಾಹ್ನದ ಮೇಲೂ ಹೊಟ್ಟೆಕಿಚ್ಚಾಗುತ್ತಿತ್ತು. ಮಗಳ ತಲೆಯನ್ನೂ ಅವಳೇ ಬಾಚಿ ಬಿಗಿಯಾಗಿ ಜಡೆ ಹೆಣೆದಿರುತ್ತಿದ್ದಳು. ನಾನು ಮನೆಗೆ ಬಂದವಳೇ ಅದನ್ನು ಬಿಚ್ಚಿ ಮತ್ತೆ ಹೆಣೆಯುತ್ತಿದ್ದೆ. "ಯಾಕಮ್ಮ, ಚೆನ್ನಾಗೇ ಇತ್ತಲ್ಲ?" ಎಂದರೆ, "ಸಡಿಲ ಆಗೈತೆ" ಎನ್ನುತ್ತಿದ್ದೆ. ಸಡಿಲವಾಗಿರುತ್ತಿರಲಿಲ್ಲ.

ಒಂದು ಭಾನುವಾರ ವಾರಗಿತ್ತಿಯನ್ನೇ ಕೇಳಿ, ಅವಳು ಹೇಳಿದ ಹಾಗೇ ಖಾರ ಅರೆದು, ಹುರುಳಿ ಸಾರು ಮಾಡಿದೆ. ಮಗಳು ಒಂದು ತುತ್ತು ಬಾಯಿಗಿಟ್ಟುಕೊಂಡು ಯೋಚಿಸಿದಳು. "ದೊಡ್ಡವ್ವಂದು ಇಂಗಿರಕ್ಕಿಲ್ಲ" ಎಂದಳು. ನನ್ನ ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವರಿಗೂ ಹಾಗೇ ಅನ್ನಿಸಿದೆ ಎಂದು ನನಗೆ ತಿಳಿಯಿತು.

ಆ ವರ್ಷ ನನ್ನ ತಮ್ಮ ರಜೆಗೆ ಬಂದ. ನನ್ನ ತವರು ಪಾಲಹಳ್ಳಿ. ತಮ್ಮ ಐಟಿಐ ಮುಗಿಸಿ ಮಸ್ಕತ್ತಿನಲ್ಲಿ ಎಲೆಕ್ಟ್ರಿಷಿಯನ್ ಕೆಲಸಕ್ಕಿದ್ದ. ಬೇರೆಯವರಿಗೆಲ್ಲ ಸೆಂಟು, ಸೋಪು ತಂದವನು ನನಗೆಂದು ದೊಡ್ಡ ಡಬ್ಬವೊಂದನ್ನು ಹೊತ್ತುಕೊಂಡು ಪಾಂಡವಪುರಕ್ಕೇ ಬಂದ. ಬಿಚ್ಚಿದರೆ, ಹೊರಗೆ ಕಿತ್ತಳೆ ಬಣ್ಣದ ತಗಡು, ಒಳಗೆ ಕಂದು ಬಣ್ಣದ ದಪ್ಪ ಪಿಂಗಾಣಿ ಜಾಡಿ, ಮೇಲೆ ಗಾಜಿನ ಮುಚ್ಚಳ, ಹಿಂದೆ ವೈರು. ಆ ವೈರಿನ ತುದಿಯ ಚೌಕದ ಪಿನ್ನು ನಮ್ಮ ಗೋಡೆಗೆ ಕೂಡಲಿಲ್ಲ. ತಮ್ಮ ಅದನ್ನು ಕತ್ತರಿಸಿ ನಮ್ಮ ಕಡೆಯ ಪಿನ್ನು ಹಾಕಿದ.

"ಅಲ್ಲಿ ಕೆಲ್ಸಕ್ಕೋಗೋ ಎಂಗುಸ್ರು ಬೆಳಿಗ್ಗೆ ಇದ್ರೊಳಕ್ಕೆ ಎಲ್ಲಾ ಆಕ್ಬುಟ್ಟು ಓಗ್ತಾರೆ ಕಣಕ್ಕ. ಸಂದೆ ಬರೋ ಒತ್ಗೆ ಬೆಂದಿರ್ತದೆ."

"ಸೀದೋಗಕ್ಕಿಲ್ವಾ?"

"ಸೀಯಕ್ಕಿಲ್ಲ. ಒಂದೆರಡು ಬಲ್ಬು ಉರ್ದಂಗೆ ಅಷ್ಟೆಯ ಇದ್ರ ಕಾವು."

ಅತ್ತೆ ಸುತ್ತ ತಿರುಗಿ ನೋಡಿದರು. "ಉಪ್ಪಿನ್‌ಕಾಯ್ ಜಾಡಿಗೆ ವೈರ್ ಸಿಗ್ಸವ್ರಲ್ಲವ್ವ!" ಎಂದರು. ವಾರಗಿತ್ತಿ ಬಾಗಿಲಿನಲ್ಲಿ ನಿಂತು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಸ್ವಲ್ಪ ಹೊತ್ತು ನೋಡಿ, "ಚೆನ್ನಾಗೈತೆ" ಎಂದಷ್ಟೇ ಹೇಳಿ ಹೋದಳು. ಅವಳ ಹತ್ತಿರ ಇಲ್ಲದ್ದೊಂದು ನನ್ನ ಅಡುಗೆಮನೆಯಲ್ಲಿ ಇದ್ದದ್ದು ಅದೇ ಮೊದಲು. ನಾನು ಅವತ್ತು ಆ ಜಾಡಿಯನ್ನು ಬಾಗಿಲಿಗೆ ಎದುರಾಗಿ ಕಾಣುವಂತೆ ಇಟ್ಟೆ.

ಮೊದಲ ಸಲ ಹುರುಳಿಕಾಳನ್ನೇ ಹಾಕಿದೆ. ಒಲೆಯ ಮೇಲಿನ ಪಾತ್ರೆಗೆ ಹಾಕುವ ಹಾಗೇ ನೀರು, ಉಪ್ಪು, ಹುಣಸೆಹುಳಿ, ಅರೆದ ಖಾರ ಎಲ್ಲ ಒಟ್ಟಿಗೆ ಸುರಿದು, ಸ್ವಿಚ್ಚು ಹಾಕಿ ಬಸ್ಸಿಗೆ ಓಡಿದೆ. ದಿನವೆಲ್ಲ ಪಾಠ ಮಾಡುತ್ತಿದ್ದರೂ ಮನಸ್ಸು ಅಲ್ಲೇ. ಸಂಜೆ ಬಂದು ಮುಚ್ಚಳ ತೆಗೆದರೆ ಮೇಲೆ ತಿಳಿನೀರು, ಅಡಿಯಲ್ಲಿ ಕಲ್ಲಿನಂಥ ಕಾಳು, ಹಸಿ ಖಾರದ ವಾಸನೆ. ಮಗಳು ಮೂಸಿ ನೋಡಿ ಗೋಡೆಯಾಚೆ ಓಡಿಹೋದಳು.

"ಕಾಳು ಬೇಯ್ಲಿ ಅಂತ ನಾನೂ ಆಗಾಗ ಮುಚ್ಚಳ ತೆಗ್ದು ತಿರುವ್ತಾನೇ ಇದ್ದೆ ಕಣವ್ವ" ಎಂದರು ಅತ್ತೆ.

ಮುಂದಿನ ಭಾನುವಾರ ಪಾಲಹಳ್ಳಿಗೆ ಹೋಗಿ ತಮ್ಮನಿಗೆ ಹೇಳಿದರೆ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಮುಚ್ಚಳ ಎತ್ತುದ್ರೆ ಒಳಗ್‌ ಕೂಡಾಕಂಡಿರೋ ಕಾವೆಲ್ಲ ಓಯ್ತದೆ ಕಣಕ್ಕ. ಮುಟ್ಟಂಗಿಲ್ಲ ಅಂತ ಏಳು ಅತ್ತೆಗೆ." ಅಷ್ಟು ಅವನಿಂದ ತಿಳಿಯಿತು. ಉಳಿದದ್ದನ್ನು ಕೆಡಿಸಿ ಕೆಡಿಸಿ ನಾನೇ ಕಲಿತೆ. ಕಾಳನ್ನು ರಾತ್ರಿಯೇ ನೆನೆಹಾಕಬೇಕು. ಬೆಳಿಗ್ಗೆ ಒಂದು ಕುದಿ ಕುದಿಸಿ, ಬಿಸಿಯಿರುವಾಗಲೇ ಜಾಡಿಗೆ ಹಾಕಬೇಕು. ಇದರಲ್ಲಿ ನೀರು ಇಂಗುವುದಿಲ್ಲ, ಅದಕ್ಕೆ ಕೈ ಹಿಡಿದು ಸುರಿಯಬೇಕು. ಹುಳಿ ಬಿದ್ದರೆ ಕಾಳು ಬೇಯುವುದಿಲ್ಲ, ಅದು ಕೊನೆಗೆ. ಖಾರವನ್ನು ಎಣ್ಣೆಯಲ್ಲಿ ಹುರಿಯದೆ ಹಾಕಿದರೆ ದಿನವಿಡೀ ಬೆಂದರೂ ಹಸಿ ಹಸಿಯೇ. ಇನ್ನು ಕರೆಂಟಿನ ಕಾಟ. ಬೇಸಿಗೆಯಲ್ಲಂತೂ ಜಾಡಿಯನ್ನು ಮುಟ್ಟುವಂತಿರಲಿಲ್ಲ. ಮಳೆ ಹಿಡಿದು ಕನ್ನಂಬಾಡಿ ಕಟ್ಟೆ ತುಂಬಿದ ಮೇಲೆ ಕರೆಂಟು ಹೋಗುವುದು ಕಡಿಮೆಯಾಯಿತು. ನಾನು ಬಿಡಲಿಲ್ಲ. ಅಡುಗೆಯ ಮೇಲಿನ ಪ್ರೀತಿಯಿಂದ ಹಠ ಹಿಡಿದೆ ಎಂದರೆ ಯಾರೂ ನಂಬಬೇಕಾಗಿಲ್ಲ. ಗೋಡೆಯಾಚೆಯ ಒಗ್ಗರಣೆಯ ಸದ್ದು ಕೇಳಿದಾಗಲೆಲ್ಲ ನನ್ನ ಕೈ ಚುರುಕಾಗುತ್ತಿತ್ತು.

ಗೆದ್ದದ್ದು ಕಾಲು ಸೂಪಿನಿಂದ. ನನ್ನ ಗಂಡ ಒಂದು ಮುಂಜಾನೆ ಕುರಿಕಾಲು ತಂದರು. ಈರುಳ್ಳಿ ಕೆಂಪಗೆ ಹುರಿದು, ಮೆಣಸು, ಕೊತ್ತಂಬರಿ ಬೀಜ ಕುಟ್ಟಿ, ಕಾಲಿನ ತುಂಡುಗಳನ್ನು ಅದರಲ್ಲೇ ಬಾಡಿಸಿ ಕುದಿಸಿ, ಜಾಡಿಗಿಟ್ಟು ಹೋದೆ. ಸಂಜೆ ಬೀದಿಗೆ ತಿರುಗಿದಾಗ ಬಂದ ವಾಸನೆ ಬೇರೆಯಾಗಿತ್ತು. ನಾನು ನಡೆಯುತ್ತಿದ್ದವಳು ನಿಂತುಬಿಟ್ಟೆ. ಅದು ನನ್ನ ಮನೆಯಿಂದ ಬರುತ್ತಿತ್ತು.

ಅವತ್ತು ಮಗಳು ಲೋಟ ಕೆಳಗಿಡಲಿಲ್ಲ. ಅತ್ತೆ ಮೊದಲ ಸಲ ಈ ಕಡೆ ಊಟಕ್ಕೆ ಕೂತರು. "ಮೂಳೆ ಸವಿ ಬುಟ್ಟೈತೆ ಕಣವ್ವ" ಎಂದು ಚೀಪಿದ್ದೇ ಚೀಪಿದ್ದು. ಆಮೇಲೆ ಆ ಕಡೆಯ ಹುಡುಗರಿಬ್ಬರೂ ಬಟ್ಟಲು ಹಿಡಿದು ಬಂದರು. "ಚಿಕ್ಕವ್ವ, ಇನ್ನೊಂದ್ ಸೌಟು" ಎಂದು ಕೇಳಿದರು. ನಾನು ಧಾರಾಳವಾಗಿ ಬಡಿಸಿದೆ. ಊಟವಾದ ಮೇಲೆ ಪಾತ್ರೆ ತೊಳೆಯುತ್ತಿದ್ದಾಗ ಹಿತ್ತಿಲಿನಲ್ಲಿ ವಾರಗಿತ್ತಿ ತನ್ನ ಮಡಕೆಯಲ್ಲಿ ಉಳಿದ ಸಾರನ್ನು ಹಸುವಿನ ಕಲಗಚ್ಚಿಗೆ ಸುರಿಯುವ ಸದ್ದು ಕೇಳಿಸಿತು. ಆ ಸದ್ದು ನನಗೆ ಎಷ್ಟು ಹಿತವಾಗಿತ್ತು ಎಂಬುದನ್ನು ಈಗಲೂ ಮರೆತಿಲ್ಲ.

ಅಲ್ಲಿಂದ ಮಗಳು ಸಂಜೆ ನನಗಾಗಿ ಕಾಯತೊಡಗಿದಳು. "ಇವತ್ತು ಜಾಡೀಲಿ ಏನೈತೆ?" ಎಂದು ಬೆಳಿಗ್ಗೆಯೇ ಕೇಳಿಕೊಂಡು ಶಾಲೆಗೆ ಹೋಗುತ್ತಿದ್ದಳು. ನಾನು ಬೇಕೆಂದೇ ಜಗಲಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಿದ್ದೆ.

ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಮಧ್ಯಾಹ್ನವೇ ಬಂದೆ. ಅತ್ತೆ ಜಗಲಿಯಲ್ಲಿ ತೂಕಡಿಸುತ್ತಿದ್ದರು. ನಮ್ಮ ಬಾಗಿಲು ತೆರೆದಿತ್ತು. ಒಳಗೆ ಹೋದರೆ ವಾರಗಿತ್ತಿ ಜಾಡಿಯ ಮುಂದೆ ನಿಂತಿದ್ದಳು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ, ಗಾಜಿನೊಳಗೆ ನೋಡುತ್ತಿದ್ದಳು.

"ಏನಕ್ಕ? ಮುಚ್ಚಳ ತೆಗೀಬ್ಯಾಡ" ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

ಅವಳು ಬೆಚ್ಚಲಿಲ್ಲ. "ತೆಗ್ದಿಲ್ಲ ಕಣಮ್ಮಿ. ನೋಡ್ತಾ ಇದ್ದೆ. ಊದಂಗಿಲ್ಲ, ಉರಿ ಮುಂದುಕ್ ತಳ್ಳಂಗಿಲ್ಲ. ಒಂದ್ ಸದ್ದೂ ಇಲ್ಲ." ಆಮೇಲೆ ಬಗ್ಗಿದವಳು ನೆಟ್ಟಗಾಗಿ, "ನಿನ್ನ ಕಂಡ್ರೆ ನಂಗೆ ಒಟ್ಟೆ ಉರೀತದೆ. ಗೊತ್ತಾ ನಿಂಗೆ?" ಎಂದಳು.

ನಾನು ಹೆಗಲ ಬ್ಯಾಗನ್ನು ಕೂಡ ಇಳಿಸದೆ ನಿಂತೆ.

"ದಿನಾ ಇಸ್ತ್ರಿ ಸೀರೆ ಉಟ್ಕಂಡು, ಆ ಬ್ಯಾಗ್ ನೇತಾಕ್ಕಂಡು ಓಯ್ತೀಯ. ಬಸ್ಸಲ್ಲಿ ಕಿಟ್ಕಿ ಪಕ್ಕ ಕೂತ್ಕಂಡು ಊರೂರು ನೋಡ್ಕಂಡ್ ಓಯ್ತೀಯ. ಮದ್ವೆಯಾಗಿ ಬಂದಾಗ ಒಲೆ ಮುಂದೆ ಕೂತೋಳು ನಾನು, ಇನ್ನೂ ಎದ್ದಿಲ್ಲ. ನಾಗಮಂಗ್ಲಕ್ಕೆ ನಮ್ಮವ್ವನ್ನ ನೋಡಕ್ಕೆ ಓಗ್ಬೇಕು ಅಂದ್ರೂವೆ, ಎಲ್ರಿಗೂ ಬೇಯ್ಸಿಟ್ಟು ಓಗಿ, ಸಂದೆ ಬೇಯ್ಸಾಕೆ ಮತ್ತೆ ಓಡ್ಬರ್ಬೇಕು. ನಿನ್ ಮಗ್ಳು ಬಂದು 'ದೊಡ್ಡವ್ವ ಇಕ್ಕು' ಅಂತಿತ್ತು. ನನ್ನೆರಡು ಗಂಡ್ಮಕ್ಳು ಉಂಡಿದ್ದು ಏನು ಅಂತಾನೂ ನೋಡಕ್ಕಿಲ್ಲ. ಆ ಎಣ್ಮಗ ಒಂದೇಯ ಬಾಯ್ಬುಟ್ಟು ಚೆನ್ನಾಗೈತೆ ಅಂತಿದ್ದುದ್ದು. ಅದ್ನೂ ಕಿತ್ಕಂಡೆ ನೀನು, ಈ ಜಾಡಿ ಇಟ್ಕಂಡು."

ನಾನು ಆಡಿದ ಮಾತು ಇಷ್ಟೇ: "ಕಿಟ್ಕಿ ಪಕ್ಕ ಎಲ್ಲಕ್ಕ ಸಿಗ್ತದೆ ಸೀಟು? ದಿನಾ ನಿಂತ್ಕಂಡೇ ಓಗೋದು."

ಅವಳಿಗೆ ನಗು ಬಂತು. ನನಗೆ ಬರಲಿಲ್ಲ. ಇಷ್ಟು ವರ್ಷ ನಾನೊಬ್ಬಳೇ ಉರಿಯುತ್ತಿದ್ದೇನೆ ಎಂದುಕೊಂಡಿದ್ದೆ. ಗೋಡೆಯಾಚೆ ಅವಳೂ ಉರಿಯುತ್ತಿದ್ದಳು, ಅದೂ ನನ್ನ ಬಸ್ಸನ್ನು ನೋಡಿ! "ನಂಗೂ ಅಂಗೇ ಆಯ್ತದೆ ಕಣಕ್ಕ. ನಿನ್ನ ಸಾರು ಕಂಡ್ರೆ" ಎಂದೆ.

"ಸಾರಿಗಾ?" ಎಂದಳು ಅವಳು, ನಂಬಿಕೆಯಿಲ್ಲದೆ. ಆಮೇಲೆ ಜಾಡಿಯ ಕಡೆ ತಿರುಗಿ, "ಒಂದಿನ ಕೊಡ್ತೀಯಾ?" ಎಂದು ಕೇಳಿದಳು.

ಇಲ್ಲ ಎನ್ನಲಾಗಲಿಲ್ಲ. ಕೊಟ್ಟೆ. ನೀರಿನದು, ಹುಳಿಯದು, ಖಾರ ಹುರಿಯುವುದು ಎಲ್ಲ ಹೇಳಿಕೊಟ್ಟೆ. ಆದರೂ ಮೊದಲ ಸಲವಲ್ಲವೇ, ತಿಳಿನೀರೇ ಆಗುತ್ತದೆ ಎಂದು ಒಳಗೊಳಗೇ ಕಾದಿದ್ದೆ. ಅವಳು ಅವರೆಕಾಳು, ಬದನೆಕಾಯಿ ಹಾಕಿಟ್ಟು ಬೆಳಗಿನ ಬಸ್ಸಿಗೇ ನಾಗಮಂಗಲಕ್ಕೆ ಹೋದಳು. ಸಂಜೆ ತಾಯಿಯ ಮನೆಯ ಮಲ್ಲಿಗೆ ಮುಡಿದುಕೊಂಡು ಬಂದು, ಸಾರಿಗೊಂದು ಒಗ್ಗರಣೆ ಕೊಟ್ಟು, ನಮ್ಮ ಕಡೆಗೂ ಒಂದು ಬಟ್ಟಲು ಕಳಿಸಿದಳು.

ಅಂಥ ಸಾರು ಆ ಜಾಡಿಯಲ್ಲಿ ನನ್ನ ಕೈಯಲ್ಲಿ ಎಂದೂ ಆಗಿರಲಿಲ್ಲ. ಗಟ್ಟಿಯಾಗಿ, ಹದವಾಗಿ, ಕಾಳು ನಾಲಿಗೆಯ ಮೇಲೆ ಕರಗುವಂತಿತ್ತು.

"ಏನ್ ಮಾಡ್ದೆ ಅಕ್ಕ?"

"ಏನಿಲ್ಲ ಕಣಮ್ಮಿ. ಗಾಜಿನ ಮುಚ್ಚಳದಿಂದ ನೀರು ತೊಟ್ಟಿಕ್ಕಿ ಸಾರ್ಗೇ ಬೀಳ್ತಿತ್ತಲ್ಲ, ಅವತ್ತು ನೋಡ್ದೆ. ಇಡ್ಲಿಗೆ ಆಕಂಗೆ, ಮುಚ್ಚಳದಡೀಕೆ ಒಂದು ಪಂಚೆ ತುಂಡು ಕಟ್ದೆ. ಅದೇ ಈರ್ಕತು."

ತಿಂಗಳುಗಟ್ಟಲೆ ದಿನವೂ ಆ ಮುಚ್ಚಳವನ್ನು ನೋಡುತ್ತಿದ್ದವಳು ನಾನು. ಬಟ್ಟಲು ಖಾಲಿ ಮಾಡಿದೆ.

ಆಮೇಲೆ ಜಾಡಿ ಗೋಡೆಯ ಆ ಕಡೆ ಈ ಕಡೆ ಓಡಾಡತೊಡಗಿತು. ಅದು ಅವಳ ಪಾಲಿಗೆ ಬಂದ ದಿನ ಅವಳು ಮನೆಯಲ್ಲಿರುತ್ತಿರಲಿಲ್ಲ. ಪೇಟೆಯಲ್ಲಿ ಒಬ್ಬರು ಹೊಲಿಗೆ ಹೇಳಿಕೊಡುತ್ತಿದ್ದರು, ಅಲ್ಲಿಗೆ ಸೇರಿದಳು. ಭಾವ ಗೊಣಗಿದರು. "ಊಟ ಬಿಸಿಯಾಗೇ ಐತಲ್ಲ, ಇನ್ನೇನು?" ಎಂದು ಅತ್ತೆಯೇ ಅವರ ಬಾಯಿ ಮುಚ್ಚಿಸಿದರು. ಕೆಲವೇ ತಿಂಗಳಲ್ಲಿ ಅವಳು ನನಗೊಂದು ರವಿಕೆ ಹೊಲಿದುಕೊಟ್ಟಳು. ಎಲ್ಲಾದರೂ ಒಂದು ಕಡೆ ಬಿಗಿಯಾಗಿದೆಯೇ, ಸಡಿಲವಾಗಿದೆಯೇ ಎಂದು ಕನ್ನಡಿ ಮುಂದೆ ನಿಂತು ಹುಡುಕಿದೆ. ಸಿಗಲಿಲ್ಲ. ಮಗಳು ದೊಡ್ಡವ್ವ ಹೊಲಿದ ಲಂಗ ಹಾಕಿಕೊಂಡು ಬೀದಿಯೆಲ್ಲ ಸುತ್ತಿದಳು.

ಮಗಳು ಮೂರನೆಯ ಕ್ಲಾಸಿಗೆ ಬರುವ ಹೊತ್ತಿಗೆ ನನಗೆ ಶ್ರೀರಂಗಪಟ್ಟಣ ತಾಲ್ಲೂಕಿಗೆ ವರ್ಗವಾಯಿತು. ಬಾಬುರಾಯನಕೊಪ್ಪಲಿನಲ್ಲಿ ಮನೆ ಹಿಡಿದೆವು. ಅತ್ತೆ ಪಾಂಡವಪುರದಲ್ಲೇ, ವಾರಗಿತ್ತಿಯ ಹತ್ತಿರ ಉಳಿದರು. ಸಾಮಾನು ಕಟ್ಟುವಾಗ ವಾರಗಿತ್ತಿ ಜಾಡಿಯನ್ನು ತಾನೇ ತೊಳೆದು ಒರೆಸಿ, ಒಣಹುಲ್ಲಿನ ಮೇಲೆ ತಂದಿಟ್ಟಳು. ಅದರ ಮೇಲಿಟ್ಟ ಕೈಯನ್ನು ಮಾತ್ರ ತೆಗೆಯಲಿಲ್ಲ. ಹೊಸ ಶಾಲೆ ಮನೆಯಿಂದ ಕೂಗಳತೆಯಲ್ಲಿತ್ತು. ಇನ್ನು ನಾನೇ ಹೊತ್ತಿಗೆ ಸರಿಯಾಗಿ ಒಲೆಯ ಮುಂದೆ ಇರಬಹುದಿತ್ತು. "ಇಲ್ಲೇ ಇರ್ಲಿ ಬುಡಕ್ಕ" ಎಂದೆ. ಸುಮ್ಮನೆ ಅಷ್ಟು ಹೇಳಿ ಬಿಡಲಾಗದೆ, "ನನ್ ತಮ್ಮ ತಂದಿದ್ದು, ಜ್ವಾಪಾನ" ಎಂದೂ ಸೇರಿಸಿದೆ.

ಕೊಪ್ಪಲಿನ ಮನೆಯಲ್ಲಿ ಮಗಳು ನಾನು ಇಕ್ಕಿದ್ದನ್ನು ತಕರಾರಿಲ್ಲದೆ ಉಣ್ಣತೊಡಗಿದಳು. ಹೋಲಿಸಲು ಗೋಡೆಯಾಚೆ ಯಾರೂ ಇರಲಿಲ್ಲ. ನಾನು ಬಯಸಿದ್ದು ಅದೇ ಅಲ್ಲವೇ? ಆದರೆ ಅವಳ ಬಾಯಿಂದ ಚೆನ್ನಾಗಿದೆ ಎಂಬ ಮಾತೂ ಬರಲಿಲ್ಲ, ಚೆನ್ನಾಗಿಲ್ಲ ಎಂದೂ ಬರಲಿಲ್ಲ. ನನಗೂ ಒಲೆಯ ಮುಂದೆ ಮೊದಲಿನ ಹುಮ್ಮಸ್ಸು ಇರಲಿಲ್ಲ.

ನನ್ನ ಗಂಡ ಕೆಲಸಕ್ಕೆ ದಿನವೂ ಪಾಂಡವಪುರಕ್ಕೇ ಹೋಗುತ್ತಿದ್ದರು. ಒಂದು ಸಂಜೆ ಅವರು ಬಂದಾಗ ಕೈಯಲ್ಲಿ ಸ್ಟೀಲಿನ ಕ್ಯಾರಿಯರಿತ್ತು. "ಅತ್ಗೆ ಕೊಟ್ಕಳ್ಸವ್ರೆ" ಎಂದರು. ಮಗಳು ಪುಸ್ತಕ ಬಿಸಾಡಿ ಎದ್ದು ಬಂದಳು. ನಾನು ಮಾಡಿಟ್ಟಿದ್ದ ಬೇಳೆಸಾರು ಒಲೆಯ ಮೇಲೆಯೇ ಇತ್ತು. ಕ್ಯಾರಿಯರಿನ ಮುಚ್ಚಳ ತೆಗೆದೊಡನೆ ಹುರುಳಿ ಸಾರಿನ ವಾಸನೆ ಮನೆ ತುಂಬಿತು. ತಂದೆ, ಮಗಳು ತಟ್ಟೆ ಹಾಕಿಕೊಂಡು ಕೂತರು. ನಾನು ಸ್ವಲ್ಪ ಹೊತ್ತು ಬೇಳೆಸಾರಿಗೆ ಸುಮ್ಮನೆ ಸೌಟು ಆಡಿಸುತ್ತಾ ನಿಂತಿದ್ದೆ.

"ಬಾಮ್ಮ, ಮುಗ್ದೋಯ್ತದೆ" ಎಂದಳು ಮಗಳು.

ಹೊಟ್ಟೆ ಉರಿಯುತ್ತಿತ್ತು. ಹಸಿವೂ ಆಗಿತ್ತು. ಬೇಳೆಸಾರಿಗೆ ತಟ್ಟೆ ಮುಚ್ಚಿ, ನಾನೂ ಮುದ್ದೆ ಇಕ್ಕಿಕೊಂಡು ಅವರ ಪಕ್ಕ ಕೂತೆ.