ಕಿವಿ ಹಿಡಿದ ಏಡಿ

ಇವತ್ತು ಬೆಳಿಗ್ಗೆ ಸಿಟಿ ಬಸ್ಸಿನಲ್ಲಿ ಮುಂದಿನ ಸೀಟಿನ ಹುಡುಗಿಯ ಕಿವಿಯಲ್ಲಿ ಒಂದು ಆಟೋ ರಿಕ್ಷಾ ತೂಗುತ್ತಿತ್ತು. ಕಡಲೆಕಾಳಿನಷ್ಟು ಚಿಕ್ಕದು, ಅಪ್ಪಟ ಚಿನ್ನದ್ದು. ಬಸ್ಸು ಬ್ರೇಕ್ ಹಾಕಿದಾಗಲೆಲ್ಲ ಅದರ ಪುಟಾಣಿ ಚಕ್ರಗಳು ತಿರುಗುತ್ತಿದ್ದವು. ಅದನ್ನೇ ನೋಡುತ್ತ ನಾನು ಇಳಿಯುವ ಸ್ಟಾಪ್ ದಾಟಿ ಹೋದೆ. ಬೇಜಾರಾಗಲಿಲ್ಲ. ಅದು ನಮ್ಮ ಜೊಹರಾಳದೇ ಕೆಲಸವೆಂದು ನೋಡಿದ ಕೂಡಲೇ ಗೊತ್ತಾಗಿತ್ತು.

ಜೊಹರಾ ನನ್ನ ಕಾಲೇಜಿನ ಗೆಳತಿ. ಬಂದರಿನಲ್ಲಿ ಅವಳ ತಂದೆಯ ಜವಳಿ ಅಂಗಡಿ ಇದೆ. ಅದರ ಮಹಡಿಯ ಕೋಣೆಯಲ್ಲಿ ಕುಳಿತು ಅವಳು ಆಭರಣದ ಚಿತ್ರ ಬರೆಯುತ್ತಾಳೆ. ರಥಬೀದಿಯ ವಾಸು ಆಚಾರಿಯವರು ಅದನ್ನು ಚಿನ್ನದಲ್ಲಿ ಮಾಡಿಕೊಡುತ್ತಾರೆ. ಗೋಳಿಬಜೆಯಂಥ ಮೂಗುತಿ, ಹೊಳೆಯಾಚೆ ಬೆಂಗ್ರೆಗೆ ದಾಟಿಸುವ ದೋಣಿಯ ಪದಕ, ಬಾಲ ಅಲ್ಲಾಡಿಸುವ ಬಂಗುಡೆ ಮೀನು. ನಮ್ಮೂರಲ್ಲಿ ಚಿನ್ನವೆಂದರೆ ಎಷ್ಟು ಗಂಭೀರ ವಿಷಯವೆಂದು ನಿಮಗೂ ಗೊತ್ತು. ಮದುವೆಮನೆಯಲ್ಲಿ ಹೆಂಗಸರು ಒಬ್ಬರ ಕೊರಳನ್ನೊಬ್ಬರು ಕಣ್ಣಲ್ಲೇ ತೂಗುತ್ತಾರೆ. ಅಂಥ ಚಿನ್ನವನ್ನು ನಗಿಸಿದವಳು ಇವಳು. ನನಗೋ ನೆಟ್ಟಗೆ ಒಂದು ರಂಗೋಲಿ ಎಳೆಯಲೂ ಬಾರದು. ಹಾಗಾಗಿ ನನ್ನ ಮೆಚ್ಚುಗೆಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಬೆರೆತಿದೆ ಎನ್ನಿ.

ಆದರೆ ಅವಳನ್ನು ನೆನೆದಾಗ ಮೊದಲು ಕಣ್ಣಿಗೆ ಬರುವುದು ನನ್ನ ಅಮ್ಮನ ಕಿವಿ. ಅಮ್ಮನ ಕಾಲದಲ್ಲಿ ಮದುವೆಗೆ ಹೋಗುವುದೆಂದರೆ ಹೆಗಲು ಮುಟ್ಟುವ ಓಲೆ, ಜುಮುಕಿ. ಆ ಭಾರಕ್ಕೆ ತೂತು ಜಗ್ಗಿ ಜಗ್ಗಿ, ಕೊನೆಗೆ ಎರಡೂ ಕಿವಿಯ ಹಾಲೆ ಹರಿದೇ ಹೋದವು. ಅಂದಿನಿಂದ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡೇ ಓಡಾಡಿದಳು. ಮದುವೆ, ನಾಮಕರಣ ಎಲ್ಲ ಬಿಟ್ಟಳು. ಅತ್ತಾವರದ ಡಾಕ್ಟರಲ್ಲಿಗೆ ಹೋಗೋಣವೆಂದರೆ, "ಹೊಲಿಸ್ಲಿಕ್ಕೆ ಇದೆಂತ ಗೋಣಿ ಚೀಲವಾ?" ಎಂದಳು. ಅಕ್ಕನ ಮಗಳ ಮದುವೆ ನಿಶ್ಚಯವಾದಾಗಲೂ ಅಷ್ಟೇ: "ಬೋಳು ಕಿವಿಯಲ್ಲಿ ನಾನು ಬರುವುದಿಲ್ಲ. ನೀವು ಹೋಗಿ ಬನ್ನಿ." ಆ ಮೊಮ್ಮಗಳನ್ನು ಎತ್ತಿ ಆಡಿಸಿ ಬೆಳೆಸಿದವಳೇ ಅವಳು. ನನಗೆ ಅಳುವೇ ಬಂತು.

ಜೊಹರಾಳಿಗೆ ಹೇಳಿದೆ. ಮೊದಲು ಅವಳು ತಂದದ್ದು ಮಲ್ಲಿಗೆ ಮೊಗ್ಗಿನ ಓಲೆ. ಹಿಂದೆ ಒಂದು ಗುಟ್ಟಿನ ಕ್ಲಿಪ್. ಹರಿದದ್ದು ಯಾರಿಗೂ ಕಾಣದು. ಅಮ್ಮ ಕನ್ನಡಿ ನೋಡಿ ಬಿಚ್ಚಿಟ್ಟಳು.

"ಚಂದ ಉಂಟು. ಆದ್ರೆ ಮದುವೆಯಲ್ಲಿ ಹೆಂಗಸರು ಕೈಯಲ್ಲಿ ಹಿಡಿದು ನೋಡದೆ ಬಿಡ್ತಾರಾ? ಇಡೀ ದಿನ ಹೆದರಿಕೊಂಡು ಕೂರುವುದಾ ನಾನು?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಎಷ್ಟು ಮದುವೆಗಳಲ್ಲಿ ನಾವೇ ಪರರ ಓಲೆಗೆ ಕೈಹಾಕಿರಲಿಲ್ಲ! "ಅಡಗಿಸ್ಲಿಕ್ಕೆ ಹೋದದ್ದೇ ತಪ್ಪಾಯ್ತು ಅಮ್ಮ," ಎಂದು ಜೊಹರಾ ಮೊಗ್ಗನ್ನು ಹಿಂದಕ್ಕೆ ಒಯ್ದಳು.

ಮದುವೆಯ ಮುನ್ನಾದಿನ ಬಂದವಳ ಅಂಗೈಯಲ್ಲಿ ಎರಡು ಚಿನ್ನದ ಏಡಿಗಳಿದ್ದವು, ನಮ್ಮ ತುಳುವಿನ ಡೆಂಜಿ. ತೂತಿನ ಗೊಡವೆಯೇ ಇಲ್ಲ. ಏಡಿ ತನ್ನ ಇಕ್ಕಳದಂಥ ಕೊಂಬುಗಳಿಂದ ಕಿವಿಯ ಮೇಲಂಚನ್ನೇ ಹಿಡಿದುಕೊಳ್ಳುತ್ತದೆ.

"ಎಂತ ಮಾರಾಯ್ತಿ ಇದು, ಡೆಂಜಿಯಾ? ಕಚ್ಚಿಕೊಂಡು ಕೂತುಂಟಲ್ಲ! ಯಾರಾದ್ರೂ ಕೇಳಿದ್ರೆ ಎಂತ ಹೇಳುವುದು?"

"ಅದರ ಹೊಟ್ಟೆ ಒತ್ತಿ ತೋರಿಸಿ ಅಮ್ಮ. ಕೊಂಬು ಬಿಡಿಸ್ತದೆ."

ಅಮ್ಮ ಒತ್ತಿದಳು. ಏಡಿ ಕೊಂಬು ಬಿಡಿಸಿತು. ಅಮ್ಮ ಎಷ್ಟು ನಕ್ಕಳೆಂದರೆ ಕೆಮ್ಮು ಬಂತು. ಮರುದಿನ ಮಂಟಪದ ಮುಂದಿನ ಸಾಲಿನಲ್ಲೇ ಕುಳಿತು, ಕೈಹಾಕಿದವರಿಗೆಲ್ಲ ತಾನೇ ಒತ್ತಿ ಒತ್ತಿ ತೋರಿಸಿದಳು. ನಾನು ಪಾಯಸ ತರುವ ನೆಪದಲ್ಲಿ ಎದ್ದುಹೋಗಿ ಕಣ್ಣೊರೆಸಿಕೊಂಡೆ.

ಇದು ಕೆಲವು ವರ್ಷಗಳ ಹಿಂದಿನ ಮಾತು. ಈಗ ಅಮ್ಮ ಯಾವ ಕರೆಯೋಲೆಯನ್ನೂ ಬಿಡುವುದಿಲ್ಲ. ಇವತ್ತೂ ದೂರದ ಸಂಬಂಧಿಕರ ಮದುವೆಗೆ ಒಬ್ಬಳೇ ಹೋಗಿದ್ದಳು. ಸಂಜೆ ಬಾಗಿಲು ತೆರೆದರೆ ಒಂದು ಕಿವಿಯಲ್ಲಿ ಏಡಿ, ಇನ್ನೊಂದು ಖಾಲಿ.

"ಇನ್ನೊಂದೆಲ್ಲಿ ಅಮ್ಮಾ? ಬಿದ್ದುಹೋಯ್ತಾ?"

"ಬೀಳುವುದೆಂತ? ಪಣಂಬೂರಿನ ಸುಮತಿಗೆ ಕೊಟ್ಟೆ. ಅವಳ ಒಂದು ಕಿವಿ ಹರಿದುಂಟು. ಪಾಪ, ಸೆರಗು ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದಳು."

"ಮತ್ತೆ ನೀನು? ಬಸ್ಸಲ್ಲಿ ಹೀಗೇ ಬಂದಿಯಾ?"

"ಮತ್ತೆ ಹೇಗೆ ಬರುವುದು?" ಎಂದು ಅಮ್ಮ ಚಪ್ಪಲಿ ಬಿಟ್ಟು ಒಳಗೆ ಹೋದಳು. ಸೆರಗು ಹೆಗಲ ಮೇಲೇ ಇತ್ತು.